ಕಾಳುಮೆಣಸು, ಶುಂಠಿಯ ಸಕ್ಕರೆ ಗೋಡಂಬಿ: ನನ್ನ ಅನುಭವ

ಮಂಗಳೂರಿನ ಹವೆಯಲ್ಲಿ ಪಾಕದ ತಿಂಡಿಗಳು ಗರಿಗರಿಯಾಗಿ ಉಳಿಯುವುದು ಕಷ್ಟ. ಮಳೆಗಾಲದ ಆಟಿ ತಿಂಗಳಲ್ಲಂತೂ ಡಬ್ಬಿಯ ಮುಚ್ಚಳ ತೆರೆದಿಟ್ಟ ಅರ್ಧ ಗಂಟೆಯಲ್ಲೇ ಅಂಟತೊಡಗುತ್ತವೆ. ಆದ್ದರಿಂದ ಗೋಡಂಬಿಗೆ ಖಾರ ಬೆರೆತ ಸಕ್ಕರೆಯ ಲೇಪ ಕೊಡುವಾಗ ನಾನು ಹೊಳೆಯುವ ಕ್ಯಾರಮೆಲ್ ಹೊದಿಕೆಯ ಆಸೆಯನ್ನು ಬಿಟ್ಟು, ಪಾಕವು ಮತ್ತೆ ಸಣ್ಣ ಹರಳುಗಳಾಗಿ ಬೀಜಕ್ಕೆ ಹಿಡಿದುಕೊಳ್ಳುವ ವಿಧಾನವನ್ನೇ ಅನುಸರಿಸುತ್ತೇನೆ. ಕರಗಿ ಗಾಜಿನಂತೆ ಗಟ್ಟಿಯಾದ ಸಕ್ಕರೆ ಗಾಳಿಯ ತೇವವನ್ನು ಬೇಗನೆ ಹೀರಿಕೊಳ್ಳುತ್ತದೆ, ಹರಳುಗಟ್ಟಿದ ಸಕ್ಕರೆ ಅಷ್ಟಾಗಿ ಹೀರುವುದಿಲ್ಲ. ನೋಟಕ್ಕೆ ಸ್ವಲ್ಪ ಮಂಕಾಗಿ ಕಂಡರೂ ಕರಾವಳಿಯಲ್ಲಿ ಬಾಳುವುದು ಇದೇ.

ಕಾಲು ಕಿಲೋ ಗೋಡಂಬಿಗೆ 125 ಗ್ರಾಂ ಸಕ್ಕರೆ, ಕಾಲು ಲೋಟ ನೀರು, ಒಂದು ಚಮಚ ಹೊಸದಾಗಿ ಕುಟ್ಟಿದ ಕಾಳುಮೆಣಸು, ಅರ್ಧ ಚಮಚ ಒಣಶುಂಠಿ ಪುಡಿ, ಬಣ್ಣಕ್ಕಾಗಿ ಅರ್ಧ ಚಮಚ ಬ್ಯಾಡಗಿ ಮೆಣಸಿನ ಪುಡಿ ಮತ್ತು ಅರ್ಧ ಚಮಚ ಪುಡಿ ಉಪ್ಪು ನನ್ನ ಲೆಕ್ಕ. ಉಪ್ಪು ಕಡಿಮೆಯಾದರೆ ಖಾರ ಮತ್ತು ಸಿಹಿ ಬೇರೆ ಬೇರೆಯಾಗಿಯೇ ನಾಲಗೆಗೆ ತಾಗುತ್ತವೆ. ಅಂಗಡಿಯಲ್ಲಿ 320 ಎಂದು ಕರೆಯುವ ಇಡೀ ಗೋಡಂಬಿಯನ್ನೇ ನಾನು ತರುತ್ತೇನೆ. ಒಂದು ಪೌಂಡಿಗೆ ಸುಮಾರು ಅಷ್ಟು ಬೀಜ ತೂಗುತ್ತವೆ ಎಂಬುದು ಆ ಸಂಖ್ಯೆಯ ಅರ್ಥ. ತುಂಡು ಗೋಡಂಬಿ ಅಗ್ಗವಾದರೂ ಅದರ ಒಡೆದ ಮೈಗೆಲ್ಲ ಸಕ್ಕರೆ ಮೆತ್ತಿಕೊಂಡು ತಿಂಡಿ ಅತಿಸಿಹಿಯಾಗುತ್ತದೆ.

ಮೊದಲು ಗೋಡಂಬಿಯನ್ನು ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ, ಎಣ್ಣೆ ತುಪ್ಪ ಯಾವುದನ್ನೂ ಹಾಕದೆ, ಅಂಚು ಹೊಂಬಣ್ಣಕ್ಕೆ ತಿರುಗುವವರೆಗೆ ಹುರಿದು ತಟ್ಟೆಗೆ ತೆಗೆದಿಡುತ್ತೇನೆ. ಜಿಡ್ಡಿದ್ದರೆ ಪಾಕ ಜಾರುತ್ತದೆ. ಅದೇ ಬಾಣಲೆಯಲ್ಲಿ ಸಕ್ಕರೆ, ಉಪ್ಪು ಮತ್ತು ನೀರನ್ನು ಕುದಿಸಿ, ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಎರಡೆಳೆ ಬರುವ ಹದಕ್ಕೆ ತರಬೇಕು. ಉಷ್ಣಮಾಪಕ ಇಟ್ಟುಕೊಂಡವರಿಗೆ ಅದು 110ರಿಂದ 115 ಡಿಗ್ರಿ ಸೆಲ್ಸಿಯಸ್ ಆಸುಪಾಸು. ಪಾಕ ಹರಳುಗಟ್ಟಬಾರದೆಂದು ಕೆಲವು ತಿಂಡಿಗಳಲ್ಲಿ ಹಿಂಡುವ ನಿಂಬೆರಸಕ್ಕೆ ಇಲ್ಲಿ ಜಾಗವಿಲ್ಲ, ಏಕೆಂದರೆ ನಮಗೆ ಬೇಕಿರುವುದೇ ಹರಳು.

ಇನ್ನು ಮುಂದಿನ ಎರಡು ಮೂರು ನಿಮಿಷಗಳಲ್ಲಿ ಗಮನವೆಲ್ಲ ಬಾಣಲೆಯ ಮೇಲೇ ಇರಬೇಕು. ಉರಿ ಆರಿಸಿ, ಇನ್ನೂ ಬೆಚ್ಚಗಿರುವ ಗೋಡಂಬಿಯನ್ನು ಪಾಕಕ್ಕೆ ಹಾಕಿ, ಅದರ ಹಿಂದೆಯೇ ಮಸಾಲೆ ಪುಡಿಗಳನ್ನು ಉದುರಿಸಿ, ಮರದ ಸಟ್ಟುಗದಿಂದ ತಳ ಮುಟ್ಟಿ ಬಿಡದೆ ಕೆದಕುತ್ತಿರಬೇಕು. ಮೆಣಸಿನ ಪುಡಿಯನ್ನು ಉರಿಯ ಮೇಲಿರುವ ಪಾಕಕ್ಕೆ ಹಾಕಿದರೆ ಮನೆತುಂಬ ಘಾಟೇಳುವುದಲ್ಲದೆ ತಿಂಡಿಗೂ ಕಹಿ ಇಳಿಯುತ್ತದೆ. ಮೊದಲು ಪಾಕ ದಪ್ಪಗಾಗಿ ಎಳೆಎಳೆಯಾಗಿ ಎಳೆಯುತ್ತದೆ, ಬಳಿಕ ಅದರ ಹೊಳಪು ಹೋಗಿ ಮಬ್ಬಾಗುತ್ತದೆ, ಇದ್ದಕ್ಕಿದ್ದಂತೆ ಸಟ್ಟುಗ ಭಾರವಾಗಿ ಬಾಣಲೆಯ ಅಂಚಿನಲ್ಲಿ ಬಿಳಿಯ ಪುಡಿ ಕಾಣಿಸಿಕೊಳ್ಳುತ್ತದೆ. ಅಲ್ಲಿ ಕೈ ನಿಲ್ಲಿಸಿದರೆ ಎಲ್ಲವೂ ಒಂದೇ ಮುದ್ದೆಯಾಗುತ್ತದೆ. ಕೆದಕುತ್ತಲೇ ಹೋದರೆ ಬೀಜಗಳು ಒಂದೊಂದಾಗಿ ಬಿಡಿಬಿಡಿಯಾಗಿ ಗಲಗಲ ಸದ್ದು ಮಾಡುತ್ತವೆ. ಆ ಸದ್ದೇ ಹದ ಬಂದ ಗುರುತು.

ಜರ್ಮನಿಯ ಕ್ರಿಸ್‌ಮಸ್ ಸಂತೆಗಳಲ್ಲಿ ತಾಮ್ರದ ಬಾಣಲೆಯಲ್ಲಿ ಮಾಡಿ ಮಾರುವ ದಾಲ್ಚಿನ್ನಿ ಬಾದಾಮಿಯೂ ಇದೇ ದಾರಿಯಲ್ಲಿ ಸಾಗುತ್ತದೆ, ಆದರೆ ಅಲ್ಲಿ ಇಷ್ಟಕ್ಕೆ ನಿಲ್ಲಿಸದೆ ಮತ್ತೆ ಉರಿಗಿಟ್ಟು ಹರಳಿನ ಒಂದು ಪಾಲನ್ನು ಕರಗಿಸಿ ಹೊಳಪು ತರಿಸುತ್ತಾರೆ. ಅಲ್ಲಿನ ಒಣ ಚಳಿಗೆ ಅದು ಸರಿಯೇ. ನಮ್ಮ ಮಳೆಗಾಲಕ್ಕೆ ಬೇಡ. ಬೆಲ್ಲದಲ್ಲಿ ಮಾಡಲಾಗದೇ ಎಂದು ಕೇಳುವವರಿದ್ದಾರೆ. ರುಚಿಯ ಮಟ್ಟಿಗೆ ಬೆಲ್ಲವೇ ಮೇಲು ಎಂದು ನಾನೂ ಒಪ್ಪುತ್ತೇನೆ, ಆದರೆ ಅದು ಸಕ್ಕರೆಯಷ್ಟು ಸಲೀಸಾಗಿ ಹರಳುಗಟ್ಟುವುದಿಲ್ಲ, ತೇವವನ್ನೂ ಎಳೆದುಕೊಳ್ಳುತ್ತದೆ. ಅಂದೇ ತಿಂದು ಮುಗಿಸುವುದಿದ್ದರೆ ಮಾಡಬಹುದು.

ಅಗಲವಾದ ತಟ್ಟೆಯಲ್ಲಿ ಹರಡಿ, ಪೂರ್ತಿ ತಣಿದ ಮೇಲೆಯೇ ಸ್ಟೀಲ್ ಡಬ್ಬಿಗೆ ತುಂಬಬೇಕು. ಬಿಸಿಯಿರುವಾಗ ಮುಚ್ಚಿದರೆ ಒಳಗೇ ಬೆವರಿ ಪಟ್ಟ ಶ್ರಮವೆಲ್ಲ ನೀರಾಗುತ್ತದೆ. ಬಾಣಲೆಯ ತಳದಲ್ಲಿ ಉಳಿಯುವ ಮೆಣಸು, ಶುಂಠಿ ಬೆರೆತ ಸಕ್ಕರೆ ಪುಡಿಯನ್ನು ನಾನು ಕೆರೆದು ಬೇರೆ ಶೀಶೆಯಲ್ಲಿಡುತ್ತೇನೆ: ನಿಂಬೆ ಪಾನಕಕ್ಕೆ ಒಂದು ಚಮಚ ಹಾಕಿದರೆ ಬೇರೆ ಮಸಾಲೆಯೇ ಬೇಡ, ಉಪ್ಪನ್ನು ಮಾತ್ರ ನೋಡಿಕೊಂಡು ಹಾಕಬೇಕು.