ಕೊಡಗಿನ ಮಳೆಗೂ ಏರ್‌ಪೋರ್ಟಿನ ಬೆಲ್ಟಿಗೂ ತಾಳುವ ಸೂಟ್‌ಕೇಸ್: ನನ್ನ ಅನುಭವ

ನಮ್ಮ ತಂದೆ ಸೈನ್ಯದಲ್ಲಿದ್ದವರು. ಅವರ ಕಪ್ಪು ಕಬ್ಬಿಣದ ಟ್ರಂಕ್ ಈಗಲೂ ಮನೆಯಲ್ಲಿದೆ. ಮುಚ್ಚಳದ ಮೇಲೆ ಬಿಳಿ ಬಣ್ಣದಲ್ಲಿ ಬರೆದ ಹೆಸರು, ನಂಬರು ಸ್ವಲ್ಪ ಮಾಸಿದೆ, ಅಷ್ಟೇ. ಕೊಡಗಿನ ಎಷ್ಟೋ ಮನೆಗಳಲ್ಲಿ ಇಂಥದ್ದೊಂದು ಟ್ರಂಕ್ ಇದ್ದೇ ಇರುತ್ತದೆ. ಅದನ್ನು ನೋಡಿಕೊಂಡು ಬೆಳೆದ ನನಗೆ ಪೆಟ್ಟಿಗೆ ಅಂದರೆ ಒಮ್ಮೆ ತಗೊಂಡರೆ ಮುಗೀತು ಅನ್ನುವ ನಂಬಿಕೆ ಇತ್ತು. ಮಗಳು ಓದಲು ಜರ್ಮನಿಗೆ ಹೋಗಿ ಅಲ್ಲೇ ಕೆಲಸಕ್ಕೆ ಸೇರಿದ ಮೇಲೆ ಆ ನಂಬಿಕೆ ಹೋಯಿತು. 2017ರಿಂದ ಇಲ್ಲಿವರೆಗೆ ಮೂರು ದೊಡ್ಡ ಸೂಟ್‌ಕೇಸ್ ಕೊಂಡಿದ್ದೇನೆ. ಮೊದಲ ಎರಡು ಹಾಳಾದವು, ಒಂದೊಂದೂ ಒಂದೊಂದು ಕಾರಣಕ್ಕೆ. ಮೂರನೆಯದು ಇನ್ನೂ ಗಟ್ಟಿಯಾಗಿದೆ. ನಮ್ಮ ಕಡೆಯಿಂದ ಮಕ್ಕಳನ್ನು ನೋಡಲು ಹೊರಡುವ ಅಪ್ಪ ಅಮ್ಮಂದಿರು ಈಗ ಬಹಳ ಜನ. ಅವರಿಗೆ ಉಪಯೋಗ ಆಗಲಿ ಅಂತ ಬರೆಯುತ್ತಿದ್ದೇನೆ.

ನಮ್ಮ ಮನೆ ವಿರಾಜಪೇಟೆ ಹತ್ತಿರ, ತೋಟದೊಳಗೆ. ಕೊಡಗಿನಲ್ಲಿ ವಿಮಾನ ನಿಲ್ದಾಣ ಇಲ್ಲ. ಬೆಂಗಳೂರಿಗೆ ಹೋದರೆ ದೇವನಹಳ್ಳಿ ಮುಟ್ಟಲು ಆರೇಳು ಗಂಟೆ ಬೇಕು. 2018ರ ಡಿಸೆಂಬರ್‌ನಲ್ಲಿ ಕಣ್ಣೂರು ಏರ್‌ಪೋರ್ಟ್ ಶುರುವಾದ ಮೇಲೆ ಮಾಕುಟ್ಟ ಘಾಟಿ ಇಳಿದು, ಇರಿಟ್ಟಿ ದಾಟಿ ಮಟ್ಟನ್ನೂರಿಗೆ ಹೋಗುವುದೂ ಉಂಟು. ಹೇಗೆ ಹೋದರೂ ವಿಮಾನ ಹತ್ತುವ ಮೊದಲೇ ನಮ್ಮ ಲಗೇಜು ಅರ್ಧ ಪರೀಕ್ಷೆ ಮುಗಿಸಿರುತ್ತದೆ. ಮನೆಯಿಂದ ಗೇಟಿನವರೆಗೆ ಜಲ್ಲಿ ದಾರಿ, ಆಮೇಲೆ ಜೀಪಿನ ಹಿಂದೆ ಕುಲುಕಾಟ, ಮಳೆಗಾಲವಾದರೆ ಕೆಸರು.

ಮೊದಲನೆಯದನ್ನು ಮೈಸೂರಿನಲ್ಲಿ ಕೊಂಡೆ. ಆಫರ್ ಇತ್ತು. ಹೊಳೆಯುವ ನೀಲಿ ಬಣ್ಣ, ನಾಲ್ಕು ಚಕ್ರ. ಅಂಗಡಿಯ ನೆಲದ ಮೇಲೆ ಒಂದು ಬೆರಳಲ್ಲಿ ತಳ್ಳಿದರೆ ಸಲೀಸಾಗಿ ಹೋಗುತ್ತಿತ್ತು. ಎಬಿಎಸ್ ಅಂತ ಒಳಗಿನ ಚೀಟಿಯಲ್ಲಿ ಬರೆದಿತ್ತು. ಹಾಗಂದರೆ ಏನು ಅಂತ ನಾನು ಕೇಳಲಿಲ್ಲ. ಅದರೊಳಗೆ ಕಾಫಿಪುಡಿ, ಕರಿಮೆಣಸು, ಎರಡು ಬಾಟಲಿ ಜೇನು, ಒಂದು ಬಾಟಲಿ ಕಾಚಂಪುಳಿ (ಅಡಿಗೆಗೆ ಹಾಕುವ ನಮ್ಮ ಕಡೆಯ ಹುಳಿರಸ), ಮಗಳು ಕೇಳಿದ್ದಳು ಅಂತ ಶಾವಿಗೆಯಂಥ ನೂಲ್‌ಪುಟ್ಟು ಒತ್ತುವ ಹಿತ್ತಾಳೆಯ ಒರಳು, ಎಲ್ಲ ತುಂಬಿದೆ. ಗಲ್ಫ್‌ನಲ್ಲಿ ಒಂದು ಕಡೆ ವಿಮಾನ ಬದಲಿಸಬೇಕಿತ್ತು. ಅಂದರೆ ಪೆಟ್ಟಿಗೆಯನ್ನು ಇನ್ನೊಂದು ಸಲ ಇಳಿಸಿ, ಬೆಲ್ಟಿಗೆ ಹಾಕಿ, ಮತ್ತೆ ಹತ್ತಿಸುತ್ತಾರೆ. ನೇರ ವಿಮಾನಕ್ಕಿಂತ ಇದರಲ್ಲಿ ಪೆಟ್ಟು ಜಾಸ್ತಿ.

ಜರ್ಮನಿಯಲ್ಲಿ ಪೆಟ್ಟಿಗೆ ಬೆಲ್ಟಿನ ಮೇಲೆ ಬಂದಾಗ ಒಂದು ಚಕ್ರ ಇರಲಿಲ್ಲ. ಚಕ್ರ ಕೂತಿದ್ದ ಮೂಲೆಯಿಂದ ಒಂದು ಗೇಣುದ್ದ ಬಿರುಕು ಮೇಲಕ್ಕೆ ಹೋಗಿತ್ತು. ಜೇನಿನ ಒಂದು ಬಾಟಲಿ ಒಡೆದು ಆ ಬಿರುಕಿನಿಂದ ಒಸರುತ್ತಿತ್ತು. ಒರಳಿನ ಭಾರವೆಲ್ಲ ಆ ಮೂಲೆಯಲ್ಲೇ ಇತ್ತು ಅಂತ ಆಮೇಲೆ ಹೊಳೆಯಿತು. ಸುಸ್ತಾಗಿತ್ತು, ಮಗಳನ್ನು ನೋಡುವ ಆತುರ ಬೇರೆ. ಅದನ್ನು ಟ್ರಾಲಿಗೆ ಎತ್ತಿಕೊಂಡು ಹೊರಗೆ ಬಂದುಬಿಟ್ಟೆ. ಮಗಳು ನೋಡಿದವಳೇ, "ಅವ್ವ, ಒಳಗೇ ಕಂಪ್ಲೇಂಟ್ ಬರೆಸಬೇಕಿತ್ತಲ್ಲ" ಅಂದಳು. ಆಮೇಲೆ ವಿಮಾನದವರಿಗೆ ಬರೆದರೂ, ಹಾಲ್ ಬಿಡುವ ಮೊದಲು ವರದಿ ಆಗಿಲ್ಲ, ಚಕ್ರ ಹೋಗುವುದು ಸಾಮಾನ್ಯ ಸವೆತ ಅಂತ ಉತ್ತರ ಬಂತು.

ಇಲ್ಲಿ ಒಂದು ಮಾತು ಸ್ವಲ್ಪ ವಿವರವಾಗಿ ಹೇಳಬೇಕು. ಬೆಲ್ಟಿನ ಪಕ್ಕದಲ್ಲೇ ಬ್ಯಾಗೇಜ್ ಕೌಂಟರ್ ಇರುತ್ತದೆ. ಒಡೆದದ್ದು ಕಂಡ ಕೂಡಲೇ ಫೋಟೋ ತೆಗೆದು ಅಲ್ಲಿ ಪಿಐಆರ್ (ಪ್ರಾಪರ್ಟಿ ಇರ್‌ರೆಗ್ಯುಲಾರಿಟಿ ರಿಪೋರ್ಟ್) ಅನ್ನುವ ವರದಿ ಬರೆಸಿ, ಅದರ ನಂಬರ್ ತಗೊಳ್ಳಿ. ಬೋರ್ಡಿಂಗ್ ಪಾಸು, ಲಗೇಜ್ ಟ್ಯಾಗಿನ ಚೀಟಿ ಬಿಸಾಡಬೇಡಿ. ವಿದೇಶ ಪ್ರಯಾಣಕ್ಕೆ ಅನ್ವಯಿಸುವ 1999ರ ಮಾಂಟ್ರಿಯಲ್ ಒಪ್ಪಂದದ ಪ್ರಕಾರ, ಹಾನಿಯಾದ ಲಗೇಜಿನ ದೂರನ್ನು ಅದು ಕೈಗೆ ಬಂದ 7 ದಿನದೊಳಗೆ ಬರಹದಲ್ಲಿ ಕೊಡಬೇಕು. ಆದರೆ ಪೆಟ್ಟಿಗೆಯದೇ ದೋಷದಿಂದ ಆದ ಹಾನಿಗೆ ವಿಮಾನದವರು ಹೊಣೆಯಲ್ಲ ಅಂತಲೂ ಅದೇ ಒಪ್ಪಂದದಲ್ಲಿದೆ. ಹಾಗಾಗಿ ತೆಳ್ಳಗಿನ ಪೆಟ್ಟಿಗೆ ಕೊಂಡು ಪರಿಹಾರ ನಂಬಿಕೊಂಡರೆ ಕೈಗೆ ಏನೂ ಬರುವುದಿಲ್ಲ.

ಒಡೆದ ಪೆಟ್ಟಿಗೆಯನ್ನು ಊರಿಗೆ ತಂದು ಗೋಣಿಕೊಪ್ಪದ ಒಬ್ಬ ಬ್ಯಾಗ್ ರಿಪೇರಿಯವರಿಗೆ ತೋರಿಸಿದೆ. ಪೆಟ್ಟಿಗೆಯ ಬಗ್ಗೆ ನನಗೆ ಗೊತ್ತಿರುವುದರಲ್ಲಿ ಮುಕ್ಕಾಲು ಪಾಲು ಅವರು ಹೇಳಿಕೊಟ್ಟದ್ದೇ. ಅವರು ಬಿರುಕನ್ನು ನೋಡಲೇ ಇಲ್ಲ. ಪೆಟ್ಟಿಗೆ ತಿರುಗಿಸಿ ಉಳಿದ ಮೂರು ಚಕ್ರ ಮುಟ್ಟಿದರು. "ಅಕ್ಕಾ, ಇದು ರಿವೆಟ್. ಸ್ಕ್ರೂ ಆಗಿದ್ದರೆ ಹೊಸ ಚಕ್ರ ಹಾಕಿಕೊಡುತ್ತಿದ್ದೆ. ರಿವೆಟ್ ಕೊರೆದು ತೆಗೆದರೆ ಈ ಪ್ಲಾಸ್ಟಿಕ್ ತಡೆಯಲ್ಲ" ಅಂದರು. ಆಮೇಲೆ ಮೇಜಿನ ಮೇಲಿದ್ದ ಬಾಲ್‌ಪೆನ್ ತಗೊಂಡು, ಬೀಗ ಹಾಕಿದ್ದ ನನ್ನ ಪೆಟ್ಟಿಗೆಯ ಜಿಪ್ಪಿನ ಹಲ್ಲುಗಳ ನಡುವೆ ಚುಚ್ಚಿದರು. ಜಿಪ್ ಬಾಯಿ ಬಿಟ್ಟಿತು. ಕೈ ಒಳಗೆ ಹಾಕಿ ತೋರಿಸಿದರು. ಬೀಗದ ಸಮೇತ ಜಿಪ್ ಎಳೆಯುವ ಎರಡು ಹಿಡಿಗಳನ್ನೂ ಒಂದು ಸುತ್ತು ಎಳೆದರು. ಜಿಪ್ ಮೊದಲಿನ ಹಾಗೆ ಕೂಡಿಕೊಂಡಿತು, ತೆಗೆದ ಗುರುತೇ ಇಲ್ಲ. ಸುರುಳಿ ನೂಲಿನಿಂದ ಮಾಡಿದ ಜಿಪ್ ಹೀಗೆ ಬಿಚ್ಚಿಕೊಳ್ಳುತ್ತದಂತೆ. ನನ್ನ ಒಡವೆಯನ್ನು ಅಂಥ ಪೆಟ್ಟಿಗೆಯಲ್ಲಿ ಇಟ್ಟು ಕಳಿಸಿದ್ದು ನೆನಪಾಗಿ ಮೈ ಜುಮ್ಮೆಂದಿತು.

ಅವರ ಮಾತು ಕೇಳಿಕೊಂಡು 2018ರಲ್ಲಿ ಎರಡನೆಯದು ಬಟ್ಟೆಯ ಸೂಟ್‌ಕೇಸ್ ತಗೊಂಡೆ. 1680 ಡೆನಿಯರ್ ನೈಲಾನ್. ಡೆನಿಯರ್ ಅಂದರೆ 9,000 ಮೀಟರ್ ಎಳೆಯ ತೂಕ ಇಷ್ಟು ಗ್ರಾಮ್ ಅಂತ ಲೆಕ್ಕ, ರೇಷ್ಮೆ ನೂಲಿಗೂ ಇದೇ ಅಳತೆ. ದಪ್ಪ ಜಿಪ್ಪು, ಅದನ್ನು ಎಳೆಯುವ ಹಿಡಿಯ ಮೇಲೆ ವೈಕೆಕೆ ಅಂತ ಜಿಪ್ ಕಂಪನಿಯ ಹೆಸರು ಅಚ್ಚಾಗಿತ್ತು. ಎರಡೇ ಚಕ್ರ, ಅವೂ ಅರ್ಧ ಒಳಗೆ ಹುದುಗಿಕೊಂಡವು, ಸ್ಕ್ರೂ ಹಾಕಿದವು. ಮಗಳಿರುವ ಊರಿನ ಹಳೇ ಬೀದಿಗಳಲ್ಲಿ ಕಲ್ಲು ಹಾಸಿದ ರಸ್ತೆ. ನಾಲ್ಕು ಚಕ್ರದ್ದು ಅಲ್ಲಿ ತಲೆ ಅಲ್ಲಾಡಿಸಿಕೊಂಡು ನಿಂತುಬಿಡುತ್ತದೆ. ಇದು ನಮ್ಮ ಜಲ್ಲಿ ದಾರಿಯಲ್ಲೂ ಆ ಕಲ್ಲು ಬೀದಿಯಲ್ಲೂ ಎಳೆದಲ್ಲಿಗೆ ಬಂತು. ಎರಡು ಸಲ ಹೋಗಿಬಂದೆ. ಒಂದು ಗೀರು ಕೂಡ ಇಲ್ಲ. ಇನ್ನು ಇಪ್ಪತ್ತು ವರ್ಷ ಯೋಚನೆ ಇಲ್ಲ ಅಂದುಕೊಂಡು ಅಟ್ಟಕ್ಕೆ ಹಾಕಿದೆ.

ಆಮೇಲೆ ಕೊರೊನಾ ಬಂತು. 2020, 2021 ಎರಡು ಮಳೆಗಾಲ ಅದು ಅಟ್ಟದಲ್ಲೇ ಇತ್ತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಬಟ್ಟೆ ಒಣಗುವುದಿಲ್ಲ, ಚರ್ಮದ ಚಪ್ಪಲಿಗೆ ವಾರದಲ್ಲಿ ಬೂಷ್ಟು. ಇದೆಲ್ಲ ಗೊತ್ತಿದ್ದೂ ಸೂಟ್‌ಕೇಸ್ ಬಗ್ಗೆ ಯೋಚಿಸಿರಲಿಲ್ಲ. 2022ರಲ್ಲಿ ಇಳಿಸಿ ತೆರೆದಾಗ ಹಳೇ ಗೋಂದಿನ ವಾಸನೆ ಬಂತು. ಒಳಗಿನ ಬಟ್ಟೆಯ ಹಿಂಬದಿಯ ಲೇಪ ಅಂಟಂಟಾಗಿ, ಪದರ ಪದರವಾಗಿ ಏಳುತ್ತಿತ್ತು. ಹೊರಗೆ ಚೆನ್ನಾಗಿಯೇ ಇತ್ತು. ಒರೆಸಿ, ಬಿಸಿಲಿಗೆ ಹಾಕಿ, ಅಂಗಳದಲ್ಲಿ ಹತ್ತು ಹೆಜ್ಜೆ ಎಳೆದೆ. ಹಿಂದೆ ತಿರುಗಿ ನೋಡಿದರೆ ಸಿಮೆಂಟ್ ಕಣದ ಮೇಲೆ ಕಪ್ಪು ಪುಡಿಯ ಎರಡು ಗೆರೆ. ಚಕ್ರದ ಹೊರಸುತ್ತು ಬಿಸ್ಕತ್ತಿನ ಹಾಗೆ ಉದುರುತ್ತಿತ್ತು.

ಗೋಣಿಕೊಪ್ಪದವರು ನೋಡಿ, "ಶೂ ಸೋಲ್ ಹೀಗೆ ಆಗಿದ್ದು ನೋಡಿಲ್ವಾ ಅಕ್ಕಾ?" ಅಂತ ಕೇಳಿದರು. ಹೌದಲ್ಲ! ಯಜಮಾನರ ಸ್ಪೋರ್ಟ್ಸ್ ಶೂ ಹಾಕಿಕೊಳ್ಳದೇ ಇಟ್ಟದ್ದು, ಒಂದು ದಿನ ಹಾಕಿಕೊಂಡು ನಡೆದಾಗ ಸೋಲ್ ಪುಡಿಪುಡಿಯಾಗಿ ಬಿದ್ದಿತ್ತು. ಎರಡೂ ಒಂದೇ ವಸ್ತು, ಪಾಲಿಯುರೆಥೇನ್. ಒಳಗಿನ ಲೇಪವೂ ಅದೇ ಜಾತಿ. ಗಾಳಿಯ ತೇವ ಅದರೊಳಗೆ ಸೇರಿ ಅಣುಗಳ ಕೊಂಡಿಯನ್ನೇ ಬಿಡಿಸುತ್ತದೆ. ಉಪಯೋಗಿಸಿದರೂ ಸರಿ, ಸುಮ್ನೆ ಇಟ್ಟರೂ ಸರಿ, ತೇವ ತನ್ನ ಕೆಲಸ ಮಾಡುತ್ತಲೇ ಇರುತ್ತದೆ. ಒಣ ಹವೆಯ ಊರಿನಲ್ಲಿ ಹತ್ತು ವರ್ಷ ಬಾಳುವ ಚಕ್ರ ನಮ್ಮ ಅಟ್ಟದಲ್ಲಿ ಅಷ್ಟು ಬಾಳಲಿಲ್ಲ. ಸೂಟ್‌ಕೇಸ್ ಬಗ್ಗೆ ಓದಿದ ಕಡೆಯೆಲ್ಲ ವಿಮಾನದವರು ಹೇಗೆ ಎಸೆಯುತ್ತಾರೆ ಅಂತಲೇ ಬರೆದಿರುತ್ತಾರೆ. ಆದರೆ ನಾವು ವರ್ಷದಲ್ಲಿ ನಾಲ್ಕು ದಿನ ವಿಮಾನಕ್ಕೆ ಹಾಕುತ್ತೇವೆ, ಉಳಿದ ದಿನ ಅದು ಇರುವುದು ಕೊಡಗಿನ ಮಳೆಯಲ್ಲಿ, ಅಲ್ವಾ? ಮೂರನೆಯದನ್ನು ಹುಡುಕುವಾಗ ನಾನು ಇದನ್ನೇ ಮೊದಲು ಇಟ್ಟುಕೊಂಡೆ.

ಗಟ್ಟಿ ಪೆಟ್ಟಿಗೆಯಲ್ಲಿ ಸಾಮಾನ್ಯವಾಗಿ ಮೂರು ಪ್ಲಾಸ್ಟಿಕ್. ಎಬಿಎಸ್ ಅಗ್ಗ, ಹೊಳಪು, ಆದರೆ ಬಾಗುವ ಗುಣ ಕಡಿಮೆ, ಮೂಲೆಗೆ ಪೆಟ್ಟು ಬಿದ್ದರೆ ಸೀಳುತ್ತದೆ. ಪಾಲಿಕಾರ್ಬೊನೇಟ್ ನಿಮಗೆ ಗೊತ್ತಿರುವುದೇ, ಕಾಫಿ, ಮೆಣಸು ಒಣಗಿಸುವಲ್ಲಿ ಮೇಲೆ ಹಾಕುವ ಪಾರದರ್ಶಕ ಶೀಟ್ ಇದೆಯಲ್ಲ, ಅದೇ ವಸ್ತು. ಒತ್ತಿದರೆ ತಗ್ಗಿ ಮತ್ತೆ ಮೇಲೆ ಬರುತ್ತದೆ. ಪಾಲಿಪ್ರೊಪಿಲಿನ್ ಅಂದರೆ ಅಂಗಳದ ಪ್ಲಾಸ್ಟಿಕ್ ಕುರ್ಚಿ. ಹಗುರ, ಬಾಗುತ್ತದೆ, ನೀರು ಹೀರುವುದಿಲ್ಲ. ನಮ್ಮ ಕುರ್ಚಿಗಳು ಎಷ್ಟು ಮಳೆಗಾಲ ಹೊರಗೇ ಕಳೆದಿಲ್ಲ! ಕಡು ಚಳಿಯಲ್ಲಿ ಇದು ಪಾಲಿಕಾರ್ಬೊನೇಟ್‌ಗಿಂತ ಬೇಗ ಪೆಡಸಾಗುತ್ತದೆ ಅನ್ನುವುದು ನಿಜ. ನಾನು ಬೇಸಿಗೆಯಲ್ಲೇ ಹೋಗುವವಳು, ಹಾಗಾಗಿ ಪಾಲಿಪ್ರೊಪಿಲಿನ್ ಆರಿಸಿದೆ. ಜನವರಿಯಲ್ಲಿ ಹೋಗುವವರು ಪಾಲಿಕಾರ್ಬೊನೇಟ್ ನೋಡುವುದು ಒಳ್ಳೆಯದು. "ಪಿಸಿ" (ಅಂದರೆ ಪಾಲಿಕಾರ್ಬೊನೇಟ್) ಅಂತ ದೊಡ್ಡದಾಗಿ ಬರೆದು ಪಕ್ಕದಲ್ಲಿ ಎಬಿಎಸ್ ಅಂತ ಸಣ್ಣದಾಗಿ ಇದ್ದರೆ ಅದು ಬೆರಕೆ, ಚೀಟಿ ಪೂರ್ತಿ ಓದಿ.

ಜಿಪ್ ಬೇಡ ಅಂತಲೂ ತೀರ್ಮಾನ ಮಾಡಿದ್ದೆ. ಚೌಕಟ್ಟು ಇದ್ದು, ಮೂರು ಕಡೆ ಕ್ಲಿಪ್ ಹಾಕಿ ಮುಚ್ಚುವಂಥದ್ದು ಹುಡುಕಿದೆ. ಪೆನ್ನಿನಿಂದ ತೆರೆಯಲು ಆಗುವುದಿಲ್ಲ. ವಿಮಾನದ ಪಕ್ಕ ಮಳೆಯಲ್ಲಿ ಟ್ರಾಲಿ ನಿಂತಿದ್ದರೂ ನೀರು ಸುಲಭಕ್ಕೆ ಒಳಗೆ ಹೋಗುವುದಿಲ್ಲ. ಇದರ ತೊಂದರೆ ಏನೆಂದರೆ ಜಿಪ್ಪಿನ ಹಾಗೆ ಸ್ವಲ್ಪ ಹಿಗ್ಗುವುದಿಲ್ಲ, ಬಂದಷ್ಟೇ ಸಾಮಾನು. ತೆರೆಯಲು ಮಂಚದಷ್ಟು ಜಾಗವೂ ಬೇಕು.

ಅಂಗಡಿಗೆ ಹೋದಾಗ ಕಾರಿನಲ್ಲಿ ಇಪ್ಪತ್ತು ಕಿಲೋ ಕಾಫಿ ಬೀಜದ ಒಂದು ಮೂಟೆ ಇತ್ತು. ಅದನ್ನು ಒಳಗೆ ತರಿಸಿ ಪೆಟ್ಟಿಗೆಗೆ ತುಂಬಿ ನೋಡಲೇ ಅಂತ ಕೇಳಿದೆ. ಅಂಗಡಿಯವರು ಪಾಪ, "ನೋಡಿ ಅಮ್ಮಾ, ಅದಕ್ಕೇನಂತೆ" ಅಂದರು. ಖಾಲಿ ಪೆಟ್ಟಿಗೆ ಎಲ್ಲವೂ ಚೆನ್ನಾಗಿಯೇ ಓಡುತ್ತದೆ. ತುಂಬಿದ ಮೇಲೆ ಕಥೆ ಬೇರೆ. ಒಂದರಲ್ಲಿ ಎಳೆಯುವ ಹಿಡಿಯನ್ನು ಪೂರ್ತಿ ಎತ್ತಿ ಎಳೆದಾಗ ಅದರ ಕೊಳವೆ ಬಿಲ್ಲಿನ ಹಾಗೆ ಬಾಗಿತು. ಇನ್ನೊಂದರಲ್ಲಿ ಪಕ್ಕದ ಹಿಡಿ ಹಿಡಿದು ಎತ್ತಿದಾಗ ಹಿಡಿಯ ಬುಡದಲ್ಲಿ ಪ್ಲಾಸ್ಟಿಕ್ ಬಿಳಿಚಿಕೊಂಡಿತು. ಮೂರನೆಯದು ಅಲ್ಲಾಡಲಿಲ್ಲ. ಹೆಬ್ಬೆರಳಲ್ಲಿ ಮಧ್ಯಕ್ಕೆ ಒತ್ತಿದೆ, ತಗ್ಗಿ ಪುಟಿಯಿತು. ಒಳಗಿನ ಬಟ್ಟೆಯನ್ನು ಜಿಪ್ ತೆಗೆದು ಸರಿಸಿದೆ, ಚಕ್ರದ ಸ್ಕ್ರೂಗಳು ಕಂಡವು. ಒಳಲೇಪ ಇಲ್ಲದ ಬರೀ ತೆಳು ಬಟ್ಟೆ. ಅದನ್ನೇ ತಗೊಂಡೆ. ಬೆಲೆ ಮೊದಲಿನದಕ್ಕಿಂತ ಮೂರು ಪಟ್ಟು ಆಯಿತು. ವಾರಂಟಿ ಕಾರ್ಡನ್ನೂ ಅಲ್ಲೇ ಓದಿದೆ, ಏಕೆಂದರೆ ಹಲವು ಕಂಪನಿಗಳ ವಾರಂಟಿಯಲ್ಲಿ ವಿಮಾನದವರಿಂದ ಆದ ಹಾನಿ ಸೇರುವುದಿಲ್ಲ.

ಅಳತೆ, ತೂಕ ಕೂಡ ನೋಡಲೇಬೇಕು. ಉದ್ದ, ಅಗಲ, ಎತ್ತರ ಕೂಡಿಸಿದರೆ ಚಕ್ರ, ಹಿಡಿ ಸೇರಿ 158 ಸೆಂ.ಮೀ. ದಾಟಬಾರದು ಅನ್ನುವುದು ಹೆಚ್ಚಿನ ವಿಮಾನದವರ ಲೆಕ್ಕ. ಖಾಲಿ ಪೆಟ್ಟಿಗೆಯೇ ಐದು ಕಿಲೋ ಇದ್ದರೆ 23 ಕಿಲೋದಲ್ಲಿ ಉಳಿಯುವುದು 18. ತೂಕಕ್ಕೆ ಹಣ ಕಟ್ಟಿದರೂ ಒಂದೇ ಪೆಟ್ಟಿಗೆಯಲ್ಲಿ 32 ಕಿಲೋಗಿಂತ ಜಾಸ್ತಿ ತಗೊಳ್ಳುವುದಿಲ್ಲ. ಎತ್ತುವವರ ಬೆನ್ನು ಉಳಿಯಬೇಕಲ್ಲ. ಮೆಣಸು ತೂಗುವ ಕೊಕ್ಕೆ ತಕ್ಕಡಿಗೆ ಪೆಟ್ಟಿಗೆ ನೇತುಹಾಕಿ ಮನೆಯಲ್ಲೇ ತೂಗಿಬಿಡುತ್ತೇನೆ.

ಈಗ ತುಂಬುವ ರೀತಿಯನ್ನೂ ಬದಲಿಸಿದ್ದೇನೆ. ಒರಳಿನಂಥ ಭಾರದ ಸಾಮಾನು ಮೂಲೆಗೆ ಹೋಗುವುದಿಲ್ಲ, ಸೀರೆ ಸುತ್ತಿ ಮಧ್ಯಕ್ಕೆ, ಚಕ್ರದ ಕಡೆಗೆ. ಜೇನು, ಕಾಚಂಪುಳಿ ಪ್ಲಾಸ್ಟಿಕ್ ಬಾಟಲಿಗೆ. ಮುಚ್ಚಳಕ್ಕೆ ಟೇಪು, ಮೇಲೆ ಎರಡು ಕವರ್. ಒಡವೆ, ಔಷಧಿ, ಪವರ್‌ಬ್ಯಾಂಕ್ ಕೈಚೀಲದಲ್ಲಿ. ಪವರ್‌ಬ್ಯಾಂಕನ್ನಂತೂ ಚೆಕ್‌ಇನ್ ಲಗೇಜಿಗೆ ಹಾಕಲು ಬಿಡುವುದೇ ಇಲ್ಲ. ಕೌಂಟರಿನಲ್ಲಿ ಕೊಡುವ ಮೊದಲು ಎಳೆಯುವ ಹಿಡಿ ಪೂರ್ತಿ ಒಳಗೆ ಹೋಗಿದೆಯಾ ಅಂತ ಒತ್ತಿ ನೋಡುತ್ತೇನೆ. ಹಳೇ ಟ್ಯಾಗು ಕಿತ್ತು ಹಾಕುತ್ತೇನೆ, ಯಂತ್ರ ಹಳೇ ಬಾರ್‌ಕೋಡ್ ಓದಿದರೆ ಪೆಟ್ಟಿಗೆ ಎಲ್ಲಿಗೋ ಹೋಗುತ್ತದೆ.

ಈ ಮೂರನೆಯದು 2022ರಿಂದ ನಾಲ್ಕು ಸಲ ಹೋಗಿಬಂದಿದೆ. ಮೈಮೇಲೆ ಗೀರುಗಳು ಬೇಕಾದಷ್ಟಿವೆ, ಬಿರುಕು ಒಂದೂ ಇಲ್ಲ. ಅಟ್ಟಕ್ಕೆ ಹಾಕುವುದು ಬಿಟ್ಟಿದ್ದೇನೆ. ಅಡಿಗೆಮನೆ ಪಕ್ಕದ ಕೋಣೆಯ ಗೋಡೆಗೆ ಒಲೆಯ ಕಾವು ಬರುತ್ತದೆ, ಆ ಗೋಡೆಯಿಂದ ಒಂದು ಗೇಣು ಬಿಟ್ಟು ಹಲಗೆಯ ಮೇಲೆ ಇಡುತ್ತೇನೆ. ಚಕ್ರದ ಮೇಲೆ ಭಾರ ಬೀಳದ ಹಾಗೆ ಮಲಗಿಸಿ, ಕ್ಲಿಪ್ ಹಾಕದೆ, ನಡುವೆ ಒಂದು ಸೌದೆ ಚೂರು ಸಿಕ್ಕಿಸಿ ಗಾಳಿಗೆ ಬಿಡುತ್ತೇನೆ. ಮಳೆ ಬಿಟ್ಟು ಬಿಸಿಲು ಕಂಡ ದಿನ ಹೊರಗೆ ತಂದು ಚಕ್ರಗಳನ್ನು ಒಣಬಟ್ಟೆಯಲ್ಲಿ ಒರೆಸುತ್ತೇನೆ. ಈ ಚಕ್ರಗಳೂ ಒಂದು ದಿನ ಉದುರುತ್ತವೆ. ಅದಕ್ಕೇ ಗೋಣಿಕೊಪ್ಪದವರಿಂದ ಅದೇ ಅಳತೆಯ ರಬ್ಬರಿನ ನಾಲ್ಕು ಚಕ್ರ ತರಿಸಿ, ಸ್ಕ್ರೂ ಸಮೇತ ಡಬ್ಬಿಯಲ್ಲಿ ಹಾಕಿ ಅಪ್ಪನ ಟ್ರಂಕಿನೊಳಗೆ ಇಟ್ಟಿದ್ದೇನೆ.