ಮೂರಾಣೆ ಸುಂಕದಿಂದ ಅಕ್ಕಿ ರಫ್ತಿನ ಲೆಕ್ಕ ಬಿಡಿಸಿದ್ದು: ನನ್ನ ಅನುಭವ

ಹಳೆ ಕಿರ್ದಿ ಪುಸ್ತಕ (ವ್ಯಾಪಾರಿಗಳ ದಿನದ ಲೆಕ್ಕದ ಪುಸ್ತಕ) ಇಟ್ಟುಕೊಂಡು ಮಂಗಳೂರು ಬಂದರಿನ ರಫ್ತು ಕಾಗದಗಳಲ್ಲಿದ್ದ ಲೆಕ್ಕವನ್ನು ಮತ್ತೆ ಕಟ್ಟುತ್ತೇನೆ ಎಂದಾಗ ನಗದವರೇ ಇಲ್ಲ. "ಕಿರ್ದಿಯಲ್ಲಿ ದುಡ್ಡಿನ ಲೆಕ್ಕ ಇರ್ತದೆ ಮಾರಾಯ, ಸರಕಿನ ಲೆಕ್ಕ ಎಲ್ಲಿಂದ ತರ್ತೀ?" ಎಂದು ಇತಿಹಾಸದ ಮೇಷ್ಟ್ರೊಬ್ಬರು ಕೇಳಿದ್ದರು. ಈಗ ಅವರೇ ಫೋನ್ ಮಾಡಿ ಎಕ್ಸೆಲ್ ಹಾಳೆ ಕಳಿಸು ಅನ್ನುತ್ತಾರೆ. ಅದಕ್ಕೇ ಬರೆಯುವ ಧೈರ್ಯ ಬಂತು.

ನನ್ನ ಕೈಗೆ ಬಂದದ್ದು ಬಂದರಿನಲ್ಲಿ ಅಕ್ಕಿ ವ್ಯಾಪಾರ ಮಾಡುತ್ತಿದ್ದ ಒಂದು ಮನೆತನದ ಕಿರ್ದಿಗಳು. ಸುಮಾರು 1880ರ ದಶಕದ ನಡುವಿನಿಂದ 1890ರ ದಶಕದ ಮೊದಲ ಭಾಗದವರೆಗಿನವು. ಅಟ್ಟದಲ್ಲಿದ್ದವು, ಅರ್ಧ ಗೆದ್ದಲಿಗೆ ಹೋಗಿದ್ದವು. ಬರವಣಿಗೆ ಮೋಡಿ ಅಕ್ಷರದಲ್ಲಿ (ಕೂಡಿಸಿ ಬೇಗ ಬರೆಯುವ ಹಳೆ ಲಿಪಿ), ಚಿಲ್ಲರೆ ದುಡ್ಡು ಗೆರೆ ಲೆಕ್ಕದಲ್ಲಿ, ಇಸವಿಯ ಬದಲು ಪಂಚಾಂಗದ ಸಂವತ್ಸರದ ಹೆಸರು.

ಮೊದಲು ಎಲ್ಲರೂ ಮಾಡುವುದನ್ನೇ ಮಾಡಿದೆ. ಮೂಲ ಕಾಗದ ಹುಡುಕಿಕೊಂಡು ಚೆನ್ನೈಗೆ ಹೋದೆ. ದಕ್ಷಿಣ ಕನ್ನಡ ಆಗ ಮದ್ರಾಸ್ ಪ್ರಾಂತ್ಯದಲ್ಲಿತ್ತಲ್ಲ, ಎಗ್ಮೋರಿನ ದಾಖಲೆ ಭಂಡಾರದಲ್ಲಿ ಏನಾದರೂ ಇರಬೇಕು ಅಂತ. ರೆವಿನ್ಯೂ ಬೋರ್ಡಿನ ಕಡತಗಳಲ್ಲಿ ಪತ್ರ, ತಕರಾರು, ಅರ್ಜಿ ಬೇಕಾದಷ್ಟು ಸಿಕ್ಕವು. ಆದರೆ ಒಬ್ಬ ಸಾಮಾನ್ಯ ವ್ಯಾಪಾರಿ ಸುಂಕದ ಕಟ್ಟೆಯಲ್ಲಿ ಕೊಟ್ಟ ಶಿಪ್ಪಿಂಗ್ ಬಿಲ್ (ಹಡಗಿಗೆ ಏರಿಸುವ ಸರಕಿನ ವಿವರ ಬರೆದ ಕಾಗದ) ಒಂದೂ ಕಣ್ಣಿಗೆ ಬೀಳಲಿಲ್ಲ. ರೈಲು, ರೂಮು, ಊಟ, ಪ್ರತಿಗಳ ಖರ್ಚು ಸೇರಿ ಮೂವತ್ತು ಸಾವಿರದ ಹತ್ತಿರ ಕೈಬಿಟ್ಟಿತು.

ಆಮೇಲೆ ಮೋಡಿ ಓದುವವರೊಬ್ಬರಿಗೆ ಪುಟಕ್ಕೆ ಇಷ್ಟು ಅಂತ ಕೊಟ್ಟು ಓದಿಸಿದೆ. ಹೆಸರು, ಊರು ಎಲ್ಲ ಚಂದ ಬರೆದುಕೊಟ್ಟರು. ರೂಪಾಯಿಯ ನಂತರದ ಗೆರೆಗಳನ್ನು ಮಾತ್ರ ಬಿಟ್ಟುಬಿಟ್ಟಿದ್ದರು! ನಿಂತ ಗೆರೆ ಪಾವಲಿ, ಅಂದರೆ ಕಾಲು ರೂಪಾಯಿ; ಅಡ್ಡ ಗೆರೆ ಆಣೆ, ರೂಪಾಯಿಗೆ ಹದಿನಾರು. ನನಗೆ ಬೇಕಾದದ್ದೇ ಅದು. ಹದಿನೆಂಟು ಸಾವಿರವೋ ಏನೋ ಹೋಯಿತು. ಕೊನೆಗೆ ನಾನೇ ಕಲಿತು ಓದಿದೆ. ಈಗ ಒಂದು ಪುಟಕ್ಕೆ ಹತ್ತು ನಿಮಿಷ ಸಾಕು, ಹೇಳಿಕೊಳ್ಳುವುದರಲ್ಲಿ ತಪ್ಪೇನಿಲ್ಲ.

ಮೂರನೆಯದು, ಬೆಲೆಯಿಂದ ತೂಕ ತೆಗೆಯುವ ದಾರಿ. ಮಾರಿದ ಹಣವನ್ನು ಮುಡಿಯ (ಬೈಹುಲ್ಲಿನಲ್ಲಿ ಕಟ್ಟಿದ ಅಕ್ಕಿಯ ಮೂಟೆ) ಧಾರಣೆಯಿಂದ ಭಾಗಿಸಿದರೆ ಮುಡಿಯ ಸಂಖ್ಯೆ ಬರಬೇಕು. ಬರಲಿಲ್ಲ. ಧಾರಣೆ ವಾರಕ್ಕೊಂದು ಥರ. ಅದರ ಮೇಲೆ ಸಾಲ, ಬಡ್ಡಿ, ಹಿಂದಿನ ಬಾಕಿ ಎಲ್ಲ ಒಂದೇ ಸಾಲಿನಲ್ಲಿ ಕಲಸಿಹೋಗಿತ್ತು.

ದಾರಿ ಸಿಕ್ಕಿದ್ದು ಸುಂಕದ ಸಾಲಿನಲ್ಲಿ. 1875ರ ಸುಂಕ ಕಾಯ್ದೆ ಬಂದ ಮೇಲೆ ರಫ್ತು ಸುಂಕ ಉಳಿದದ್ದು ಅಕ್ಕಿ, ನೀಲಿ ಬಣ್ಣ, ಅರಗಿಗೆ ಮಾತ್ರ. ಸ್ವಲ್ಪ ವರ್ಷದಲ್ಲಿ ನೀಲಿ, ಅರಗೂ ಬಿಟ್ಟುಹೋಗಿ ಅಕ್ಕಿ ಒಂದೇ ಉಳಿಯಿತು. 1882ರಲ್ಲಿ ಆಮದಿನ ಸುಂಕವನ್ನೇ ಹೆಚ್ಚುಕಡಿಮೆ ಪೂರ್ತಿ ತೆಗೆದರು. ಉಪ್ಪು, ಮದ್ಯ, ಆಯುಧ ಇಂಥ ಕೆಲವನ್ನು ಬಿಟ್ಟರೆ ಬೇರೆಲ್ಲ ಮಾಫಿ. ಆದರೂ ನಮ್ಮ ಅಕ್ಕಿಯ ಮೇಲಿನ ಸುಂಕ ಹೋಗಲಿಲ್ಲ. ಮ್ಯಾಂಚೆಸ್ಟರ್ ಬಟ್ಟೆಗೆ ಸುಂಕ ಇಲ್ಲ, ಬಡವರ ಅಕ್ಕಿಗೆ ಇದೆ. ನನಗೆ ಈಗಲೂ ಸಿಟ್ಟು ಬರುತ್ತದೆ, ಆದರೆ ನನ್ನ ಕೆಲಸಕ್ಕೆ ಅದೇ ಸುಂಕ ದಾರಿ ಆಯಿತು.

ಯಾಕೆಂದರೆ ಆ ಸುಂಕ ಬೆಲೆಯ ಮೇಲಲ್ಲ, ತೂಕದ ಮೇಲೆ. ಮಣಕ್ಕೆ 3 ಆಣೆ. ಮದ್ರಾಸಿನ 25 ಪೌಂಡಿನ ಮಣ ಅಲ್ಲ, 82 ಮತ್ತು 2/7 ಪೌಂಡಿನ ಸರ್ಕಾರಿ ಮಣ. ಅಂದರೆ ನಮ್ಮ ಈಗಿನ 37.3 ಕಿಲೋ. ದರ 1930ರವರೆಗೂ ಹಾಗೇ ಇತ್ತು, ಆಮೇಲೆ 2 ಆಣೆ 3 ಪೈಗೆ ಇಳಿಯಿತು. ದರ ಕದಲದಿದ್ದರೆ ಸುಂಕದ ಮೊತ್ತವೇ ತಕ್ಕಡಿ ಅಲ್ವಾ? ಆಣೆ ಮಾಡಿ ಮೂರರಿಂದ ಭಾಗಿಸಿದರೆ ಮಣ ಬಂತು.

ಒಂದು ಸಾಲು ಹೇಳುತ್ತೇನೆ. ಸುಂಕ 43 ರೂಪಾಯಿ 2 ಆಣೆ. ಅಂದರೆ 690 ಆಣೆ, ಅಂದರೆ 230 ಮಣ. ಅದೇ ಪುಟದ ಮೇಲ್ಗಡೆ ದೋಣಿಗೆ ಹಾಕಿದ್ದು 218 ಮುಡಿ ಅಂತ ಇದೆ. ಲೆಕ್ಕ ಹಾಕಿದರೆ ಮುಡಿಗೆ 39 ಕಿಲೋ ಚಿಲ್ಲರೆ. ನಮ್ಮ ಕಡೆ ಮುಡಿ ನೋಡಿದವರಿಗೆ ಇದು ಸರಿಯೇ ಅನ್ನಿಸುತ್ತದೆ. ಇಂಥ ನೂರಾರು ಸಾಲು ಹಾಕಿದೆ. ಬಹಳಷ್ಟು 38ರಿಂದ 40ರ ಒಳಗೇ ಬಂದವು.

ಬಾರದವೇ ಜಾಸ್ತಿ ತಲೆ ತಿಂದವು. ಅಕ್ಕಿ ಹೋಗಿದೆ, ದೋಣಿ ಬಾಡಿಗೆ ಇದೆ, ಕೂಲಿ ಇದೆ, ಸುಂಕ ಮಾತ್ರ ಸೊನ್ನೆ. ಕಳ್ಳಸಾಗಣೆಯೇ ಇರಬೇಕು ಅಂತ ಗೆಳೆಯರೊಬ್ಬರು ಕುಣಿದಾಡಿದರು. ನೋಡಿದರೆ ಹೆಚ್ಚಿನವು ಕಣ್ಣೂರು, ಕಲ್ಲಿಕೋಟೆ ಕಡೆಗೆ ಹೋದವು. ಅದು ಕರಾವಳಿ ಸಾಗಾಟ, ಪರದೇಶ ಅಲ್ಲ, ಸುಂಕವೂ ಇಲ್ಲ. ಅಮಿನಿದಿವಿ ದ್ವೀಪಗಳಿಗೆ (ಈಗಿನ ಲಕ್ಷದ್ವೀಪದ ಒಂದು ಭಾಗ) ಹೋದ ಅಕ್ಕಿಯೂ ಹಾಗೆಯೇ. ಆ ದ್ವೀಪಗಳು ಆಗ ನಮ್ಮ ಜಿಲ್ಲೆಗೇ ಸೇರಿದ್ದವು, ಅಲ್ಲಿನ ತೆಂಗಿನ ನಾರು ಸರ್ಕಾರಕ್ಕೆ, ಇಲ್ಲಿನ ಅಕ್ಕಿ ಅಲ್ಲಿಗೆ. ಹೊನ್ನಾವರ, ಕುಮಟಾ ಸ್ವಲ್ಪ ಬೇರೆ. 1862ರಲ್ಲಿ ಉತ್ತರ ಕನ್ನಡ ಬೊಂಬಾಯಿ ಪ್ರಾಂತ್ಯಕ್ಕೆ ಹೋಯಿತು. ಸುಂಕ ಇಲ್ಲ, ಆದರೆ ಎರಡು ಪ್ರಾಂತ್ಯದ ವರದಿಗಳಲ್ಲೂ ಹುಡುಕಬೇಕು.

ಕಗ್ಗಂಟಾದದ್ದು ಗೋವಾ. ಪೋರ್ಚುಗೀಸರದ್ದು, ಪರದೇಶವೇ. ಆದರೂ ಸುಂಕ ಸೊನ್ನೆ. ಇದಕ್ಕೆ ತಿಂಗಳುಗಟ್ಟಲೆ ಹೋಯಿತು. ಕೊನೆಗೆ ಬಿಡಿಸಿದ್ದು 1878ರ ಆಂಗ್ಲೋ ಪೋರ್ಚುಗೀಸ್ ಒಪ್ಪಂದ. 1880ರ ಜನವರಿಯಿಂದ 1892ರ ಜನವರಿಯವರೆಗೆ ಗೋವಾ ಮತ್ತು ಬ್ರಿಟಿಷ್ ಇಂಡಿಯಾ ನಡುವೆ ಸುಂಕದ ಗೋಡೆ ಇರಲಿಲ್ಲ. ನನ್ನ ಕಿರ್ದಿಗಳ ಬಹುಪಾಲು ಅದೇ ಹನ್ನೆರಡು ವರ್ಷದೊಳಗಿನವು! ಈಗ ಗೋವಾದ ಸಾಲುಗಳಿಗೆ ಬೇರೆ ಹಾಳೆ ಇಟ್ಟಿದ್ದೇನೆ. ಖರ ಸಂವತ್ಸರದ ಮಕರ ಸಂಕ್ರಾಂತಿ, ಅಂದರೆ ಆ 1892ರ ಜನವರಿ, ದಾಟಿದ ಮೇಲೆ ಅದು ಮತ್ತೆ ಪರದೇಶ. ಮೂರಾಣೆ ಲೆಕ್ಕ ನೆಚ್ಚಿಕೊಳ್ಳಬಹುದಾದದ್ದು ಅರಬ್ ಕಡೆಗೆ ಹೋದ ಸರಕಿಗೆ. ಆ ಸಾಲುಗಳಲ್ಲಿ ಮಸ್ಕತ್ ಹೆಸರು ಮತ್ತೆ ಮತ್ತೆ ಬರುತ್ತದೆ.

ಇನ್ನು ತಾರೀಕಿನ ಗೋಳು. ಸರ್ಕಾರದ ವರ್ಷ ಏಪ್ರಿಲ್ 1ಕ್ಕೆ ಶುರು. ಈ ಮನೆಯವರದು ಸೌರಮಾನ, ಸಂವತ್ಸರ ಬದಲಾಗುವುದು ಬಿಸು ಹಬ್ಬಕ್ಕೆ, ಏಪ್ರಿಲ್ ನಡುವೆ. ಹೊಸ ಪುಸ್ತಕಕ್ಕೆ ಪೂಜೆ ದೀಪಾವಳಿಗೆ. ಮೂರು ವರ್ಷಗಳೂ ಮೂರು ದಿಕ್ಕಿಗೆ. ಏಪ್ರಿಲಿನ ಆ ಮೊದಲ ಎರಡು ವಾರ ಸಣ್ಣದು ಅನ್ನಬೇಡಿ. ಮಳೆಗಾಲಕ್ಕೆ ಅಳಿವೆ (ನದಿ ಸಮುದ್ರ ಸೇರುವ ಬಾಯಿ) ಮುಚ್ಚುವ ಮೊದಲು ಇದ್ದಬದ್ದ ಸರಕನ್ನೆಲ್ಲ ಹಡಗಿಗೆ ಏರಿಸುವ ಗಡಿಬಿಡಿ ಅದೇ ಹೊತ್ತಿಗೆ. ಆ ಎರಡು ವಾರವನ್ನು ಎತ್ತಿ ಮುಂದಿನ ಸರ್ಕಾರಿ ವರ್ಷಕ್ಕೆ ಹಾಕಿದ ಮೇಲೆಯೇ ಬಂದರಿನ ವಾರ್ಷಿಕ ಅಂಕಿಯಲ್ಲಿ ಈ ಮನೆಯ ಪಾಲು ವರ್ಷದಿಂದ ವರ್ಷಕ್ಕೆ ಸರಿಯಾಗಿ ಕೂತದ್ದು. ಅದಕ್ಕಿಂತ ಮೊದಲು ಒಂದು ವರ್ಷ ರಾಶಿ, ಮುಂದಿನ ವರ್ಷ ಬರೀ ಒಂದು ಮುಷ್ಟಿ.

ಕಾಗದದ ಸರಣಿಯೂ ಕಿರ್ದಿಯ ಖರ್ಚಿನಲ್ಲೇ ಅಡಗಿದೆ, ತಾರೀಕು ಪ್ರಕಾರ ಜೋಡಿಸಿದರೆ ಸಾಕು. ಮೊದಲು ಬರವಣಿಗೆ ಕೂಲಿ. ಇಂಗ್ಲಿಷಿನಲ್ಲಿ ಶಿಪ್ಪಿಂಗ್ ಬಿಲ್ ತುಂಬಿಕೊಡುವ ಗುಮಾಸ್ತನಿಗೆ. ಮಾರನೆ ದಿನವೋ ಅದೇ ದಿನವೋ ಸುಂಕ. ಆಮೇಲೆ ಹಮಾಲಿ ಮತ್ತು ದೋಣಿ ಬಾಡಿಗೆ. 1878ರ ಸಮುದ್ರ ಸುಂಕ ಕಾಯ್ದೆಯ ಕ್ರಮವೂ ಇದೇ: ಶಿಪ್ಪಿಂಗ್ ಬಿಲ್ ಪಾಸಾಗದೆ ಸರಕು ಏರಿಸುವಂತಿಲ್ಲ. ದಡದಿಂದ ದೋಣಿಯಲ್ಲಿ ಹೋಗುವ ಸರಕಿನ ಜೊತೆ ಬೋಟ್ ನೋಟ್ ಇರಬೇಕು. ಮಂಗಳೂರಿನಲ್ಲಿ ದೊಡ್ಡ ಹಡಗು ಅಳಿವೆಯ ಆಚೆ ಸಮುದ್ರದಲ್ಲೇ ನಿಲ್ಲುತ್ತಿದ್ದದ್ದರಿಂದ ಈ ಚೀಟಿ ಇಲ್ಲದೆ ಕೆಲಸವೇ ಇಲ್ಲ. ಕೆಲವು ಕಡೆ ಜಮೆ ಬದಿಯಲ್ಲಿ ಸುಂಕ ವಾಪಸು ಅಂತ ಬರೆದಿದೆ. ಹಡಗಿಗೆ ಏರದೆ ಉಳಿದ ಮುಡಿಗಳ ಸುಂಕ ಅದು. ಕಾಯ್ದೆಯಲ್ಲೇ ಅವಕಾಶ ಇತ್ತು. ಅದನ್ನು ಕಳೆಯದೆ ಲೆಕ್ಕ ಹಾಕಿದರೆ ಹೋಗದ ಅಕ್ಕಿಯೂ ಮಸ್ಕತ್ ಮುಟ್ಟುತ್ತದೆ.

ನಡುವೆ, ಮುಡಿ ನಿಜಕ್ಕೂ ಎಷ್ಟು ತೂಗುತ್ತದೆ ನೋಡೋಣ ಅಂತ ಒಂದು ಹುಚ್ಚು ಪ್ರಯೋಗವೂ ಮಾಡಿದೆ. ಹಳೆ ಲೆಕ್ಕದಲ್ಲಿ 14 ಸೇರಿಗೆ ಒಂದು ಕಳಸೆ, 3 ಕಳಸೆಗೆ ಒಂದು ಮುಡಿ, 42 ಸೇರು. ಆದರೆ ಅದು ಅಳತೆ, ತೂಕವಲ್ಲ. ಹಳೆ ಕಳಸೆ ಒಂದನ್ನು ಸಾಲ ತಂದು, ಕುಚ್ಚಲಕ್ಕಿ ಮತ್ತು ಬೆಳ್ತಿಗೆ (ಭತ್ತ ಬೇಯಿಸದೆ ಮಾಡಿದ ಅಕ್ಕಿ) ಎರಡನ್ನೂ ಅಳೆದು ತೂಗಿದೆ. ಮುಡಿ ಕಟ್ಟಲು ಗೊತ್ತಿರುವ ಅಜ್ಜ ಒಬ್ಬರನ್ನು ಹುಡುಕಿ ಬೈಹುಲ್ಲಿನಲ್ಲಿ ಎರಡು ಮುಡಿ ಕಟ್ಟಿಸಿದೆ. ಅಕ್ಕಿ, ಹುಲ್ಲು, ಅಜ್ಜನಿಗೆ ದಕ್ಷಿಣೆ ಸೇರಿ ಐದು ಸಾವಿರದ ಮೇಲೆ ಆಯಿತು. ಮನೆಯಲ್ಲಿ ಬೈಗುಳ ಬೇರೆ. ಎರಡು ಅಕ್ಕಿಗೂ ವ್ಯತ್ಯಾಸ ಒಂದೆರಡು ಕಿಲೋ ಅಷ್ಟೆ. ಹುಲ್ಲು ಸೇರಿಸಿದರೆ ನನ್ನ ಕಿರ್ದಿಯ ಲೆಕ್ಕ ಕೂರುವುದಿಲ್ಲ, ಬಿಟ್ಟರೆ ಕೂರುತ್ತದೆ. ಈ ಮನೆಯವರು ಹುಲ್ಲಿಗೆ ಸುಂಕ ಕಟ್ಟಿಲ್ಲ ಎಂದು ಅದರಿಂದಲೇ ಹೇಳುತ್ತಿದ್ದೇನೆ. ಭತ್ತದ ಸಾಲು ಬಹಳ ಕಡಿಮೆ. ಸುಂಕದ ಪಟ್ಟಿಯಲ್ಲಿ ಭತ್ತಕ್ಕೂ ಅದೇ 3 ಆಣೆ. ಉಮಿಗೆ ಸುಂಕ ಕಟ್ಟುವ ದಡ್ಡ ವ್ಯಾಪಾರಿ ಯಾರಿದ್ದಾರೆ? ತೌಡಿಗೆ ಸುಂಕ ಇರಲಿಲ್ಲ.

ಇದೇ ಉಪಾಯವನ್ನು ಕಾಫಿಗೂ ಹಂಚಿಗೂ ಹಾಕಿ ನೋಡಿ ಎಂದು ಕೆಲವರು ಕೇಳಿದರು. ಹಾಕಿದೆ, ನಡೆಯಲ್ಲ. ಕೊಡಗು, ಮೈಸೂರಿನಿಂದ ಘಟ್ಟ ಇಳಿದು ಬಂದ ಕಾಫಿಗೆ ಆಗ ರಫ್ತು ಸುಂಕವೇ ಇಲ್ಲ. ಬಾಸೆಲ್ ಮಿಷನ್ 1865ರಲ್ಲಿ ಜೆಪ್ಪುವಿನಲ್ಲಿ ಶುರು ಮಾಡಿದ ಹಂಚಿಗೂ ಇಲ್ಲ. ಸುಂಕ ಇಲ್ಲದ ಮೇಲೆ ಭಾಗಿಸುವುದು ಏನನ್ನು? 1919ರ ಚರ್ಮದ ಸುಂಕ ಇದೆ, ಆದರೆ ಅದು ಬೆಲೆಯ ಮೇಲೆ ಶೇಕಡಾ 15. ಮತ್ತೆ ಬೆಲೆಯ ಕೆಸರಿಗೇ ಕಾಲು ಹಾಕಿದಂತೆ. ತೂಕದ ಮೇಲಿನ ಸುಂಕ ಇದ್ದ ಕಡೆ ಮಾತ್ರ ಈ ದಾರಿ.

ಮೇಷ್ಟ್ರು ಒಪ್ಪಿದ್ದು ಯಾವಾಗ ಅಂದರೆ, ಆ ಮನೆತನದ ಇನ್ನೊಂದು ಕವಲಿನವರು ಹಳೆ ಪುಸ್ತಕದ ರಟ್ಟು ಬಿಚ್ಚಿದಾಗ. ರಟ್ಟು ಗಟ್ಟಿಯಾಗಲಿ ಅಂತ ಒಳಗೆ ಅಂಟಿಸಿದ್ದ ಕಾಗದಗಳಲ್ಲಿ ಒಂದು ಶಿಪ್ಪಿಂಗ್ ಬಿಲ್ ಇತ್ತು. ವ್ಯಾಪಾರಿಗೆ ವಾಪಸು ಕೊಡುತ್ತಿದ್ದ ಪ್ರತಿ. ಅಕ್ಕಿ, ಮಸ್ಕತ್, 230 ಮಣ. ಮೇಲೆ ಹೇಳಿದ 43 ರೂಪಾಯಿ 2 ಆಣೆಯ ಸಾಲೇ ಅದು. ನನ್ನ ಹಾಳೆಯಲ್ಲಿ 230 ಎಂದು ಅದಕ್ಕೂ ಒಂದು ವರ್ಷ ಮೊದಲೇ ಬರೆದಾಗಿತ್ತು. ತಾರೀಕು ಸಮೇತ ಮೇಷ್ಟ್ರಿಗೆ ಕಳಿಸಿದೆ. ಒಂದು ವಾರ ಉತ್ತರ ಇಲ್ಲ, ಆಮೇಲೆ ಫೋನ್ ಬಂತು.

ಅಂಟಿದ ಕಾಗದವನ್ನು ಹರಿಯದೆ ಹೇಗೆ ಬಿಡಿಸಿದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅರ್ಧ ಕೇಳಿ ಮಾಡಲು ಹೋಗಿ ಯಾರಾದರೂ ಕಾಗದ ಹಾಳು ಮಾಡಿದರೆ ಕಷ್ಟ. ಮಾಸಿದ ಗೆರೆಗಳನ್ನು ಫೋಟೊದಲ್ಲಿ ಎಬ್ಬಿಸುವ ಉಪಾಯವೂ ಸದ್ಯಕ್ಕೆ ನನ್ನಲ್ಲೇ ಇರಲಿ, ಎದುರು ಕೂತರೆ ತೋರಿಸುತ್ತೇನೆ.

ನಿಮ್ಮ ಹತ್ತಿರ ಬಂದರಿನ ಕಿರ್ದಿ ಇದ್ದರೆ ಮೊದಲು ಒಂದು ಸಂವತ್ಸರ ಮಾತ್ರ ತೆಗೆದುಕೊಳ್ಳಿ. ಸುಂಕದ ಸಾಲು ಮತ್ತು ಮುಡಿಯ ಎಣಿಕೆ ಎರಡೂ ಒಂದೇ ಪುಟದಲ್ಲಿ ಇವೆಯಾ ನೋಡಿ. ಇಲ್ಲದಿದ್ದರೆ ಸುಮ್ನೆ ಬಿಟ್ಟುಬಿಡಿ, ದುಡ್ಡು ದಂಡ. ಇದ್ದರೆ ಗೋವಾದ ಸಾಲುಗಳನ್ನು ಮೊದಲ ದಿನವೇ ಬೇರೆ ಮಾಡಿ, ಏಪ್ರಿಲಿನ ಎರಡು ವಾರಕ್ಕೆ ಬೇರೆ ಬಣ್ಣ ಹಾಕಿ. ಹಳೆ ರಟ್ಟನ್ನು ಮಾತ್ರ ಗುಜರಿಗೆ ಹಾಕಬೇಡಿ.