ಗೋಡೆ ಕೊರೆಯುವ ಮೊದಲು: ಮನೆಗೆ ಬ್ರಾಡ್‌ಬ್ಯಾಂಡ್ ಮತ್ತು ವೈಫೈ ಜೋಡಣೆ

ಫೈಬರ್ ಸಂಪರ್ಕ ಕೊಡಲು ಬರುವ ಹುಡುಗರು ಕಂಬದಿಂದ ತಂತಿ ಎಳೆದು, ಬೀದಿಗೆ ಹತ್ತಿರವಾದ ಗೋಡೆಯಲ್ಲೇ ತೂತು ಕೊರೆದು, ಅಲ್ಲೇ ಫೈಬರ್ ಪೆಟ್ಟಿಗೆಯನ್ನು (ಎಷ್ಟೋ ಸಲ ವೈಫೈ ಹರಡುವ ರೌಟರೂ ಇದೇ) ನೇತುಹಾಕಿ ಹೊರಡುತ್ತಾರೆ. ಆದ್ದರಿಂದ ರೌಟರ್ ಎಲ್ಲಿರಬೇಕೆಂಬುದನ್ನು ಮನೆಯವರು ಹಿಂದಿನ ದಿನವೇ ತೀರ್ಮಾನಿಸಿಕೊಂಡಿರಬೇಕು. ವೈಫೈ ಸಿಗುವುದಿಲ್ಲ ಎಂಬ ದೂರುಗಳಲ್ಲಿ ಹೆಚ್ಚಿನವು ಈ ಒಂದು ತಪ್ಪಿನಿಂದಲೇ ಹುಟ್ಟುತ್ತವೆ ಎಂಬುದು ನನ್ನ ಅನುಭವ.

ತುಮಕೂರಿನ ನಮ್ಮ ಮನೆಯ ಹಿಂಭಾಗ ಹಳೆಯ ಕಲ್ಲುಚಪ್ಪಡಿಯ ಕಟ್ಟಡ. ಮೊದಲು ರೌಟರನ್ನು ಟಿವಿಯ ಹಿಂದಿನ ಗೂಡಿನಲ್ಲಿ ಇಟ್ಟಿದ್ದೆವು. ಅಡುಗೆಮನೆಯಲ್ಲಿ ಮೊಬೈಲಿಗೆ ಒಂದು ಕಡ್ಡಿಯೂ ಕಾಣಿಸುತ್ತಿರಲಿಲ್ಲ. ಅದನ್ನೇ ನಡುಮನೆಯಲ್ಲಿ ಆಳೆತ್ತರದ ಹಲಗೆಯ ಮೇಲಿಟ್ಟ ಬಳಿಕ ಒಲೆಯ ಮುಂದೆ ನಿಂತು ವಿಡಿಯೊ ಕರೆಯಲ್ಲಿ ಮಾತನಾಡುವಂತಾಯಿತು. ಕಲ್ಲು, ಆರ್‌ಸಿಸಿ, ಕಬ್ಬಿಣದ ಬೀರು, ನೀರಿನ ತೊಟ್ಟಿ, ದೊಡ್ಡ ಕನ್ನಡಿ ಇವೆಲ್ಲ ಅಲೆಗಳನ್ನು ತಡೆಯುತ್ತವೆ. ವೈಫೈಯ ಸಾಮಾನ್ಯ ಎರಡು ಬಗೆಯ ಅಲೆಗಳಲ್ಲಿ 2.4 ಗಿಗಾಹರ್ಟ್ಸ್ ಅಲೆ ನಿಧಾನವಾದರೂ ಗೋಡೆ ದಾಟಿ ದೂರ ಹೋಗುತ್ತದೆ. 5 ಗಿಗಾಹರ್ಟ್ಸ್ ವೇಗದ್ದು, ಆದರೆ ಎರಡು ಗೋಡೆಗೇ ಸುಸ್ತಾಗುತ್ತದೆ. ಮಹಡಿ ಮನೆಯಾದರೆ ಮೆಟ್ಟಿಲಿನ ತಿರುವು ಒಳ್ಳೆಯ ಜಾಗ.

ಫೈಬರ್ ತಂತಿಯೊಳಗಿರುವುದು ಕೂದಲೆಳೆಯಷ್ಟು ತೆಳುವಾದ ಗಾಜಿನ ಎಳೆ. ಅದನ್ನು ಬಾಗಿಲ ಸಂದಿಯಲ್ಲಿ ಹಾಯಿಸಬಾರದು, ಮೂಲೆಯಲ್ಲಿ ಮಡಿಸಿ ಮೊಳೆ ಹೊಡೆಯಬಾರದು; ಉಳಿದದ್ದನ್ನು ಅಂಗೈಯಗಲದ ಸುತ್ತಾಗಿ ಸಡಿಲವಾಗಿ ಸುತ್ತಿಡಬೇಕು. ಪೆಟ್ಟಿಗೆಯಲ್ಲಿ ಪಾನ್ (PON) ಎಂಬ ಹಸಿರು ದೀಪ ಮಿಟುಕದೆ ಉರಿದರೆ ಸಂಪರ್ಕ ಸರಿಯಿದೆ. ಎಲ್‌ಒಎಸ್ (LOS) ದೀಪ ಕೆಂಪಾಗಿದ್ದರೆ ಬೆಳಕು ಮನೆಯವರೆಗೆ ತಲುಪುತ್ತಿಲ್ಲ ಎಂದರ್ಥ. ಆಗ ರೌಟರನ್ನು ಹತ್ತು ಸಲ ಆರಿಸಿ ಹಚ್ಚಿದರೂ ಪ್ರಯೋಜನವಿಲ್ಲ, ಲೈನ್ ನೋಡುವವರನ್ನೇ ಕರೆಸಬೇಕು.

ನಿಮ್ಮದೇ ಬೇರೆ ರೌಟರ್ ಇದ್ದರೆ, ಫೈಬರ್ ಪೆಟ್ಟಿಗೆಯ ಲ್ಯಾನ್ (LAN) ಕಿಂಡಿಯಿಂದ ಹೊರಟ ಕೇಬಲ್ ರೌಟರಿನ ವ್ಯಾನ್ (WAN) ಕಿಂಡಿಗೆ ಸೇರಬೇಕು. ಬಳಿಕ ಬ್ರೌಸರಿನಲ್ಲಿ 192.168.1.1 ಅಥವಾ 192.168.0.1 ಎಂದು ಬರೆದರೆ ರೌಟರಿನ ಪುಟ ತೆರೆಯುತ್ತದೆ. ಸರಿಯಾದ ವಿಳಾಸ ಅದರ ತಳದ ಚೀಟಿಯಲ್ಲೇ ಇರುತ್ತದೆ. ಪಿಪಿಪಿಒಇ (PPPoE), ಅಂದರೆ ಹೆಸರು ಮತ್ತು ಪಾಸ್‌ವರ್ಡ್ ಕೊಟ್ಟು ಲಾಗಿನ್ ಆಗುವ ವಿಧಾನ, ಬಳಸುವ ಸಂಪರ್ಕವಾದರೆ ಬಳಕೆದಾರ ಹೆಸರು ಮತ್ತು ಪಾಸ್‌ವರ್ಡನ್ನು ಜೋಡಿಸಲು ಬಂದವರು ಹೊರಡುವ ಮೊದಲೇ ಬರೆಸಿಕೊಳ್ಳಿ. ಫೈಬರ್ ಪೆಟ್ಟಿಗೆಯೇ ಲಾಗಿನ್ ಆಗಿದ್ದರೆ ರೌಟರಿನಲ್ಲಿ ಡೈನಾಮಿಕ್ ಐಪಿ (ವಿಳಾಸವನ್ನು ತಾನಾಗಿಯೇ ಪಡೆಯುವ ಆಯ್ಕೆ) ಆಯ್ದುಕೊಂಡರೆ ಸಾಕು.

ವೈಫೈ ಪಾಸ್‌ವರ್ಡ್ ಇಡುವಾಗ ರೌಟರಿನ ಭದ್ರತೆಯ ಆಯ್ಕೆಗಳಲ್ಲಿ ಡಬ್ಲ್ಯುಪಿಎ2 (WPA2) ಅಥವಾ ಡಬ್ಲ್ಯುಪಿಎ3 (WPA3) ಆರಿಸಿ. ರೌಟರಿನ ಪುಟ ತೆರೆಯುವ ಅಡ್ಮಿನ್ ಪಾಸ್‌ವರ್ಡ್ ಬೇರೆಯದು. ಅದನ್ನೂ ಬದಲಿಸಬೇಕು, ಹೆಚ್ಚಿನವರು ಮರೆಯುವುದು ಇದನ್ನೇ. ಶಿವರಾತ್ರಿಯಲ್ಲಿ ಸಿದ್ಧಗಂಗೆ ಜಾತ್ರೆಗೆಂದು ಬಂದಿಳಿಯುವ ನೆಂಟರಿಗೆ ಗೆಸ್ಟ್ ನೆಟ್‌ವರ್ಕ್ (ಬೇರೆ ಹೆಸರು, ಬೇರೆ ಪಾಸ್‌ವರ್ಡಿನ ವೈಫೈ) ಕೊಟ್ಟರೆ ಮನೆಯ ಪಾಸ್‌ವರ್ಡ್ ಊರೂರು ಸುತ್ತುವುದಿಲ್ಲ.

ವೇಗವನ್ನು ಮೊದಲು ಲ್ಯಾನ್ ಕೇಬಲ್ ಮೂಲಕ ಅಳೆಯಿರಿ. 100 ಎಂಬಿಪಿಎಸ್ ಎಂದರೆ ಸೆಕೆಂಡಿಗೆ 100 ಮೆಗಾಬಿಟ್; ಎಂಟು ಬಿಟ್ ಸೇರಿ ಒಂದು ಬೈಟ್ ಆಗುವುದರಿಂದ ಅದು ಸೆಕೆಂಡಿಗೆ ಹೆಚ್ಚೆಂದರೆ 12.5 ಮೆಗಾಬೈಟ್, ಡೌನ್‌ಲೋಡ್ ಅಂಕಿ ಚಿಕ್ಕದಾಗಿ ಕಂಡ ಮಾತ್ರಕ್ಕೆ ಜಗಳಕ್ಕೆ ಹೋಗಬೇಕಿಲ್ಲ. ಕೇಬಲ್‌ನಲ್ಲಿ ಸರಿಯಿದ್ದು ವೈಫೈಯಲ್ಲಿ ಕುಸಿದರೆ, ರೌಟರಿನ ಪುಟದಲ್ಲಿ 2.4 ಗಿಗಾಹರ್ಟ್ಸ್‌ನ ಚಾನೆಲ್ಲನ್ನು (ಅಲೆ ಬಳಸುವ ದಾರಿ) 1, 6, 11ರಲ್ಲಿ ಅಕ್ಕಪಕ್ಕದ ಮನೆಯವರು ಕಡಿಮೆ ಬಳಸುವುದಕ್ಕೆ ಬದಲಿಸಿ ನೋಡಿ.

ಕರೆಂಟ್ ಹೋದಾಗ ರೌಟರಿಗೆ ಸಣ್ಣ ಡಿಸಿ ಯುಪಿಎಸ್ (ಬ್ಯಾಟರಿ ಪೆಟ್ಟಿಗೆ) ಸಾಕು, ಆದರೆ ರೌಟರಿನ ಅಡಾಪ್ಟರಿನ ಮೇಲೆ ಬರೆದ ವೋಲ್ಟ್ ಯುಪಿಎಸ್ ಕೊಡುವ ವೋಲ್ಟಿಗೆ ಸಮವಾಗಿರಬೇಕು. ಫೈಬರ್ ಪೆಟ್ಟಿಗೆ ಬೇರೆಯಿದ್ದರೆ ಅದಕ್ಕೂ ಬ್ಯಾಟರಿ ಬೇಕು, ಇಲ್ಲವಾದರೆ ವೈಫೈ ಇದ್ದೂ ಇಂಟರ್‌ನೆಟ್ ಇರುವುದಿಲ್ಲ. ಭರಣಿ ಮಳೆಯ ಗುಡುಗು ಶುರುವಾಗುವ ಮೊದಲೇ ಅಡಾಪ್ಟರನ್ನು ಗೋಡೆಯಿಂದ ಕಿತ್ತಿಡಿ; ಗಾಜಿನ ಎಳೆಯಲ್ಲಿ ವಿದ್ಯುತ್ ಹರಿಯದಿದ್ದರೂ ಪ್ಲಗ್ಗಿನಲ್ಲಿ ಹರಿಯುತ್ತದೆ.